ಬಾಗಿಲ ಮೇಲಿನ ಲೋಳೆಸರ

ನಾನು ಹುಟ್ಟು ಪುಕ್ಕಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೇಳದೆ ಮುಚ್ಚಿಟ್ಟರೆ ಯಾರಾದರೂ ನನ್ನನ್ನು ಧೈರ್ಯದ ಕೆಲಸಕ್ಕೆ ಕರೆದಾರು ಎಂಬ ಭಯವೇ ಹೆಚ್ಚು. ಗ್ಯಾಸ್ ಸಿಲಿಂಡರ್ ಬದಲಿಸುವಾಗ ಬೀದಿಯ ತುದಿಗೆ ಹೋಗಿ ನಿಲ್ಲುತ್ತೇನೆ. ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲು ಹತ್ತುತ್ತೇನೆ. ಮೆಟ್ಟಿಲು ಹಳೆಯದೆನಿಸಿದರೆ ಕೆಳಗೇ ನಿಂತು, ಬೇಕಾದವರು ಇಳಿದು ಬರಲಿ ಎಂದು ಕಾಯುತ್ತೇನೆ. ಇಂಥ ನನ್ನನ್ನು ತೊಂಬತ್ತರ ದಶಕದ ಕೊನೆಯಲ್ಲಿ ಒಂದಿಡೀ ಬೇಸಿಗೆ ನಡುಗಿಸಿದ್ದು ಹಾವಲ್ಲ, ಮೇಲಧಿಕಾರಿಯೂ ಅಲ್ಲ, ಒಂದು ಲೋಳೆಸರದ ಗಿಡ.

ಮದುವೆಯಾದ ಹೊಸತರಲ್ಲಿ ನಾನೂ ಶಾರದೆಯೂ ಹಲಸೂರಿನಲ್ಲಿ ಒಂದು ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದೆವು. ಕೆಳಗೆ ಮನೆಯ ಒಡತಿ ಕನಕಮ್ಮ ಒಬ್ಬರೇ ಇದ್ದರು. ಮನೆ ನೋಡಲು ಹೋದ ದಿನ ಶಾರದೆ ನೀರು ಎಷ್ಟು ಹೊತ್ತು ಬರುತ್ತದೆ, ಅಡುಗೆಮನೆಯಲ್ಲಿ ಗಾಳಿ ಆಡುತ್ತದೆಯೇ ಎಂದು ವಿಚಾರಿಸಿದಳು. ನಾನು, ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರೆಯೇ, ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಹೊಡೆದರೆ ಅದು ಯಾವ ಕಡೆಗೆ ಬೀಳುತ್ತದೆ, ಹಿಂದಿನ ಬಾಡಿಗೆದಾರರು ಬಿಟ್ಟದ್ದು ಯಾಕೆ ಎಂದು ಕೇಳಿದೆ. ಕನಕಮ್ಮ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಶಾರದೆಯ ಕಡೆ ತಿರುಗಿ, ಬರುವ ಶುಕ್ರವಾರ ಹಾಲುಕ್ಕಿಸಿ ಎಂದರು.

ಹಾಲುಕ್ಕಿಸಲು ಹೋದಾಗ ನಮ್ಮ ಬಾಗಿಲ ಮೇಲೆ ಒಂದು ಲೋಳೆಸರ, ಬೇರು ಮೇಲಾಗಿ ತಲೆಕೆಳಗಾಗಿ, ಕಬ್ಬಿಣದ ಕೊಂಡಿಯಿಂದ ನೇತಾಡುತ್ತಿತ್ತು. ದೃಷ್ಟಿ ತಾಗದಿರಲೆಂದು ಹಾಗೆ ಕಟ್ಟುವುದನ್ನು ಹಲಸೂರಿನಿಂದ ಶಿವಾಜಿನಗರದವರೆಗೆ ಮನೆ, ಅಂಗಡಿ, ಕ್ಷೌರದಂಗಡಿ ಎಲ್ಲ ಕಡೆ ನೋಡಿದ್ದೆ. ಕನಕಮ್ಮ ಹೇಳಿದ್ದು ಇಷ್ಟೇ: "ಅದನ್ನ ಮುಟ್ಟೋಕೆ ಹೋಗ್ಬೇಡಿ ಸಾರ್. ಅದು ಚೆನ್ನಾಗಿರೋವರ್ಗೂ ಮನೇಲಿ ಯಾರಿಗೂ ಏನೂ ಆಗಲ್ಲ."

ಧೈರ್ಯವಂತರಿಗೆ ಈ ಮಾತಿನಿಂದ ಸಮಾಧಾನವಾಗುತ್ತದೆ. ನನಗೆ ಕೇಳಿಸಿದ್ದು ಅದರ ಹಿಂಭಾಗ. ಹಾಗಾದರೆ ಅದು ಚೆನ್ನಾಗಿಲ್ಲದಿದ್ದರೆ? ಅಂದಿನಿಂದ ಬಾಗಿಲು ದಾಟುವಾಗಲೆಲ್ಲ ಗಿಡಕ್ಕೆ ತಲೆ ತಾಗದಂತೆ ಬಗ್ಗಿ ನಡೆಯತೊಡಗಿದೆ. ನನ್ನ ಮಾವನವರು ಇದನ್ನು ಕಂಡು, ಅಳಿಯ ವಿನಯವಂತ ಎಂದು ಊರಲ್ಲೆಲ್ಲ ಹೊಗಳಿದರಂತೆ. ಕನಕಮ್ಮನಂತೂ ದಿನಾ ಬೆಳಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ನಮ್ಮ ಬಾಗಿಲ ಬಳಿ ಒಂದು ಗಳಿಗೆ ನಿಂತು, ಗಿಡ ನೋಡಿ, ನನ್ನನ್ನೂ ನೋಡಿ ಮುಂದೆ ಹೋಗುತ್ತಿದ್ದರು. ಆಕೆಯ ಜೀವವೇ ಆ ಗಿಡದಲ್ಲಿದೆ ಎಂದು ನಾನು ತೀರ್ಮಾನಿಸಿಕೊಂಡೆ.

ಮೂರನೆಯ ಬೇಸಿಗೆಯಲ್ಲಿ ಕನಕಮ್ಮನವರಿಗೆ ಪಿತ್ತಕೋಶದಲ್ಲಿ ಕಲ್ಲಾಗಿದೆ, ಆಪರೇಷನ್ ಆಗಬೇಕು ಎಂದಾಯಿತು. ಆಪರೇಷನ್ ಮುಗಿಸಿಕೊಂಡು ಕೆ.ಆರ್. ಪುರದ ತಂಗಿಯ ಮನೆಯಲ್ಲಿ ಸುಧಾರಿಸಿಕೊಂಡು ಬರುವುದೆಂದು ಹೊರಟರು. ಆಟೋ ಹತ್ತುವ ಮುಂಚೆ ಮೇಲೆ ನಮ್ಮ ಬಾಗಿಲ ಕಡೆ ನೋಡಿ, ಹುಷಾರು ಎಂದರು. ಗಿಡಕ್ಕೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಅವರು ಹೋದ ವಾರದಲ್ಲೇ ಗಿಡ ಸೊರಗತೊಡಗಿತು. ಎಲೆಗಳು ತೆಳ್ಳಗಾಗಿ, ಕೆಂಪಗಾಗಿ, ಒಳಮುಖವಾಗಿ ಮಡಚಿಕೊಂಡವು. ಶಾರದೆ ನೋಡಿ, ಇಷ್ಟು ವರ್ಷ ಗಾಳಿ ಕುಡಿದೇ ಬದುಕಿದೆ, ಇನ್ನು ಅದಕ್ಕೆ ಮಣ್ಣು ಬೇಕು, ಇಳಿಸಿ ಕುಂಡಕ್ಕೆ ಹಾಕಿ ಎಂದಳು. ಇಳಿಸಿದರೆ ಕನಕಮ್ಮನ ಮಾತು ಮೀರಿದಂತೆ. ಬಿಟ್ಟರೆ ಅದು ಅಲ್ಲೇ ಒಣಗಿ, ಅತ್ತ ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆಯಾದರೆ? ನನಗೆ ಆಕೆಯ ಮೇಲೆ ನಿಜವಾಗಿಯೂ ಅಕ್ಕರೆಯಿತ್ತು. ಶಾರದೆ ಊರಿಗೆ ಹೋದಾಗಲೆಲ್ಲ ಕೇಳದೆಯೇ ಸಾರು ತಂದಿಟ್ಟು ಹೋಗುತ್ತಿದ್ದ ಹೆಂಗಸು. ಆಕೆಯ ಜೀವ ನನ್ನ ಕೈಯಲ್ಲಿ ಸಿಕ್ಕಿಕೊಂಡಿದೆ ಎನಿಸಿತು.

ಭಾನುವಾರ ಬೆನ್ಸನ್ ಟೌನ್ ಪಕ್ಕದ ಕುಂಬಾರರ ಓಣಿಗೆ ಹೋದೆ. ಸಣ್ಣ ಕುಂಡ ತಂದರೆ ಗಿಡಕ್ಕೆ ಉಸಿರು ಕಟ್ಟೀತೆಂದು, ನಮ್ಮೂರಲ್ಲಾಗಿದ್ದರೆ ಎಮ್ಮೆಗೆ ಮುಸುರೆ ಇಡುವಷ್ಟು ದೊಡ್ಡ ಬಾನಿಯನ್ನು ಆರಿಸಿದೆ. ಅಡಿಯಲ್ಲಿ ತೂತು ಇರಲಿಲ್ಲ. ತೂತಿದ್ದರೆ ಹಾಕಿದ ನೀರೆಲ್ಲ ಸೋರಿ ಗಿಡ ಬಾಯಾರಿ ಸಾಯುತ್ತದೆಂಬ ಭಯದಿಂದ, ತೂತಿಲ್ಲದ್ದನ್ನೇ ಕೇಳಿ ತಂದಿದ್ದೆ. ಕಣ್ಣು ಮುಚ್ಚಿ ಕ್ಷಮೆ ಕೇಳಿ ಗಿಡ ಇಳಿಸಿ, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಕುತ್ತಿಗೆಯವರೆಗೆ ಹೂತೆ. ಬೆಳಗ್ಗೆ ಎದ್ದ ಕೂಡಲೇ ನೀರು, ಆಫೀಸಿಗೆ ಹೊರಡುವಾಗ ನೀರು, ಬಂದಮೇಲೆ ನೀರು. ಕೆ.ಆರ್. ಪುರಕ್ಕೆ ಫೋನು ಮಾಡಿ ಯಾರೂ ಎತ್ತದಿದ್ದರೆ ಇನ್ನೂ ಒಂದು ಚೊಂಬು.

ಎಲೆಗಳು ಉಬ್ಬಿದವು. ನಾನೂ ಉಬ್ಬಿದೆ. ಆಮೇಲೆ ಬುಡದ ಎಲೆಗಳು ಬೇಯಿಸಿದಂತೆ ಮೆತ್ತಗಾಗಿ, ಮುಟ್ಟಿದರೆ ಕೈಗೆ ಬರತೊಡಗಿದವು. ಒಂದು ಸಂಜೆ ಕುಂಡದಿಂದ ಕೊಳೆತ ವಾಸನೆ ಬಂದದ್ದಕ್ಕೂ, ಕನಕಮ್ಮನ ತಂಗಿ ಫೋನು ಮಾಡಿ, ಅಕ್ಕನಿಗೆ ಜ್ವರ ಬಂದಿದೆ, ಹೊಲಿಗೆ ಹಾಕಿದ ಕಡೆ ಕೀವಾಗಿದೆ, ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇವೆ ಎಂದದ್ದಕ್ಕೂ ಸರಿಹೋಯಿತು. ಫೋನು ಇಟ್ಟವನೇ ಹೋಗಿ ಕುಂಡದ ಮುಂದೆ ಕೈಮುಗಿದು ಕೂತೆ. ಶಾರದೆ, ಗಿಡಕ್ಕೂ ಜ್ವರಕ್ಕೂ ಏನು ಸಂಬಂಧ ರೀ ಎಂದಳು. ಹೇಳಿದ ಮೇಲೆ ತಾನೂ ಒಮ್ಮೆ ಕುಂಡದ ಕಡೆ ನೋಡಿದಳು.

ಮರುದಿನ ನಮ್ಮ ಆಫೀಸಿನ ಬಾಷಾ ಸಾಹೇಬರನ್ನು ಹಿಡಿದೆ. ಫ್ರೇಜರ್ ಟೌನಿನಲ್ಲಿರುವ ಅವರ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕಲು ಜಾಗವಿಲ್ಲದಷ್ಟು ಕಳ್ಳಿಯ ಕುಂಡಗಳು. ಈ ವಿಷಯದಲ್ಲಿ ಅವರಿಗೂ ಅವರ ಹೆಂಡತಿಗೂ ಮಾತು ನಿಂತು ಎಷ್ಟೋ ದಿನವಾಗಿತ್ತು. ಹಾಗಾಗಿ ಮಾತಿಗೆ ಹಸಿದಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, "ಹೆದ್ರಿಕೆ ಆದಾಗೆಲ್ಲಾ ನೀರು ಹಾಕಿದ್ರಾ ಭಾಯ್?" ಎಂದರು. ಹೌದೆಂದೆ. "ಹಾಗಾದ್ರೆ ಬೋರ್‌ವೆಲ್ ಒಣಗಿರ್ಬೇಕಲ್ಲ."

ಸಂಜೆ ನನ್ನ ಜೊತೆಗೇ ಬಂದರು. ಗಿಡವನ್ನು ಕಿತ್ತು, ಕಂದುಬಣ್ಣಕ್ಕೆ ತಿರುಗಿ ಕೊಳೆತ ಬೇರುಗಳನ್ನು ಕತ್ತರಿಸಿ, ಗಾಯ ಒಣಗುವ ತನಕ ನೆರಳಲ್ಲಿ ಕಾಗದದ ಮೇಲೆ ಮಲಗಿಸಿ ಎಂದರು. ಆಮೇಲೆ ಬೇರಿಗಿಂತ ಒಂದೆರಡು ಬೆರಳು ಮಾತ್ರ ಅಗಲವಿರುವ, ಅಡಿಯಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ, ಅರ್ಧಕ್ಕರ್ಧ ಮರಳು ಮತ್ತು ಇಟ್ಟಿಗೆ ಚೂರು ಬೆರೆಸಿ ನೆಡಬೇಕು. ನೆಟ್ಟ ಮೇಲೂ ಒಂದು ವಾರ ನೀರು ತೋರಿಸಬಾರದು. ಇದರಲ್ಲಿ ಕೊನೆಯದೇ ನನಗೆ ಕಷ್ಟವಾದದ್ದು. ಏನೂ ಮಾಡದೆ ಸುಮ್ಮನೆ ಹೆದರಿಕೊಂಡು ಕೂರುವುದು ಎಷ್ಟು ಶ್ರಮದ ಕೆಲಸವೆಂದು ಧೈರ್ಯವಂತರಿಗೆ ಗೊತ್ತಿರುವುದಿಲ್ಲ. ಶಾರದೆ ಚೊಂಬನ್ನು ಬಚ್ಚಿಟ್ಟಳು.

ಕನಕಮ್ಮನ ಜ್ವರ ಇಳಿಯಿತು. ನಾನು ಬೇರು ಕತ್ತರಿಸುವ ಮೊದಲೇ ಇಳಿದಿತ್ತಂತೆ. ತಂಗಿ ಹೇಳಲು ಮರೆತಿದ್ದರು. ಗಿಡದ ನಡುವೆ ಒಂದು ಹಸಿರು ಎಲೆ ಮೂತಿ ತೋರಿಸಿತು. ಇನ್ನೂ ಕೆಲವು ದಿನ ಕಳೆದು, ಬುಡದಲ್ಲಿ ಹೆಬ್ಬೆರಳಿನಷ್ಟು ಮರಿಗಳೂ ಎದ್ದವು.

ಕನಕಮ್ಮ ಬಂದ ದಿನ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿದೆ. ಜಗಲಿಯ ಕುರ್ಚಿಯಲ್ಲಿ ಕೂತಿದ್ದರು, ಅರ್ಧ ಇಳಿದುಹೋಗಿದ್ದರು. ಗಿಡ ಇಳಿಸಿದ್ದು, ಕೊಳೆಸಿದ್ದು, ಅವರಿಗೆ ಜ್ವರ ಬಂದದ್ದು ನನ್ನಿಂದಲೇ ಎಂದು ನಾನು ನಂಬಿದ್ದು, ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆ ಒತ್ತಿ ಹಿಡಿದು ನಕ್ಕರು.

"ನಗಿಸ್ಬೇಡಿ ಸಾರ್, ನೋಯುತ್ತೆ. ಅದು ನಂದು ಅಂತ ಯಾರು ಹೇಳಿದ್ದು ನಿಮಗೆ? ಮನೆ ನೋಡೋಕೆ ಬಂದಾಗ ನೀವು ಸಿಡಿಲು ಗಿಡಿಲು ಅಂತ ಕೇಳಿದ್ರಲ್ಲ, ಪಾಪ ಈ ಮನುಷ್ಯ ರಾತ್ರಿ ಹೇಗೆ ನಿದ್ದೆ ಮಾಡ್ತಾನೋ ಅನ್ನಿಸ್ತು. ಮಾರ್ಕೆಟ್ಟಿಂದ ತಂದು ಕಟ್ಟಿದೆ. ನಿಮಗೋಸ್ಕರ."

ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದದ್ದು ನನ್ನನ್ನು. ಆಸ್ಪತ್ರೆಯಲ್ಲೂ ತಂಗಿಯ ಹತ್ತಿರ, ಮಹಡಿಯವರು ಹೆದರಿಕೊಂಡಿರ್ತಾರೆ, ಜ್ವರದ ಸುದ್ದಿ ಹೇಳಬೇಡ ಎಂದಿದ್ದರಂತೆ, ಅಷ್ಟರಲ್ಲಿ ತಂಗಿ ಫೋನು ಮಾಡಿಯಾಗಿತ್ತು. ಮತ್ತೆ ಕಟ್ಟಿಸಲಾ ಎಂದು ಕನಕಮ್ಮ ಕೇಳಿದರು. ಬೇಡಮ್ಮ, ನನಗೀಗ ಅದರ ಅಗತ್ಯವಿಲ್ಲ ಎಂದು ಗಟ್ಟಿಯಾಗಿಯೇ ಹೇಳಿ ಮೇಲೆ ಬಂದೆ. ಬಾಗಿಲ ಬಳಿ ತಲೆ ತಾನಾಗಿ ಬಗ್ಗಿತು. ಮೇಲೆ ಬರೀ ಕೊಂಡಿ ಇತ್ತು.

ಮುಂದಿನ ಭಾನುವಾರ ಶಾರದೆ ತರಕಾರಿ ತೆಗೆದುಕೊಂಡು ಮನೆಗೆ ಬರುವಾಗ ನಾನು ಸ್ಟೂಲಿನ ಮೇಲೆ ನಿಂತು, ಕುಂಡದಿಂದ ಬಿಡಿಸಿದ ಒಂದು ಮರಿಯನ್ನು ತಂತಿಯಿಂದ ಕೊಂಡಿಗೆ ಬಿಗಿಯುತ್ತಿದ್ದೆ. ಸ್ಟೂಲು ಅಲುಗಾಡದಂತೆ ಹಿಡಿದುಕೋ ಎಂದೆ. ಹಿಡಿದುಕೊಂಡು, ಅಗತ್ಯವಿಲ್ಲ ಅಂದಿದ್ರಲ್ಲ ಎಂದಳು.

"ನನಗಲ್ಲ ಕಣೇ," ಎಂದೆ, "ಕನಕಮ್ಮನವರಿಗೆ. ಪಾಪ, ನನ್ನದೇ ಯೋಚನೆ ಅವರಿಗೆ."