ಆನೆಕೆರೆಗೆ ಬಂದ ಕಡಲಕ್ಕಿ

ನಮ್ಮ ಕಾಕಾ ಹುಟ್ಟಿದಾಗಿನಿಂದ ಸಮುದ್ರ ನೋಡಿದವರಲ್ಲ. ಆದರೇನು, ಸಮುದ್ರದ ಹಕ್ಕಿಯೇ ಅವರನ್ನು ನೋಡಲು ಹಾನಗಲ್ಲಿನ ಆನೆಕೆರೆಗೆ ಬಂದಿತ್ತಂತೆ! ಇದು ಅವರ ಮಾತು. ನಾನು ಅದನ್ನು ಖಂಡಿಸಿ ಗೆದ್ದವಳು.

ಅವರ ದುರ್ಬೀನು ಜನಿವಾರದ ಹಾಗೆ, ಸ್ನಾನಕ್ಕೂ ಮೈಬಿಟ್ಟು ಇಳಿಯದು ಎಂಬುದು ಅವರ ಹೆಂಡತಿ, ನಮ್ಮ ಕಾಕುವಿನ ದೂರು. ಸವಣೂರಿನ ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಚಪ್ಪರದ ಮೇಲೆ ಯಾವುದೋ ಗಿಡುಗ ಹಾದುಹೋಯಿತು. ವರನ ಸೋದರಮಾವನಾದ ಇವರು ಎದ್ದು ಓಡಿದರು. ಬೀಗರು ಮುನಿಸಿಕೊಂಡರೆಂದು ಹೆಣ್ಣಿನ ಕಡೆಯವರು ಧೋತರದ ಜೋಡಿ ಹಿಡಿದು ಬೆನ್ನಟ್ಟಿದರು.

"ಏನ ತಪ್ಪಾಗಿದ್ರೂ ಹೊಟ್ಟ್ಯಾಗ ಹಾಕ್ಕೋರಿ!"

ಕಾಕಾ ಹೊಸ ಧೋತರದ ಅಂಚಿನಿಂದ ದುರ್ಬೀನಿನ ಗಾಜು ಒರೆಸಿಕೊಂಡು, "ಸ್ವಲ್ಪ ಸರೀರಿ, ಅಡ್ಡ ಬಂದೀರಿ" ಎಂದರಂತೆ!

ಇಂಥವರು ಹೋದ ಚಳಿಗಾಲದ ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಬಂದು, ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ನೆರೆಯವರೆದುರು ಸಾರಿದರು: "ಕೆರ್ಯಾಗ ಕಡಲಕ್ಕಿ ಬಂದದ! ಇಪ್ಪತ್ತು ವರ್ಷದಾಗ ಇದ ಮೊದಲು!"

ಕಾಲೇಜಿನ ಚರ್ಚಾಸ್ಪರ್ಧೆಯ ಬಹುಮಾನಗಳು ನನ್ನ ತಲೆಗೇರಿದ್ದ ಕಾಲ. ಸುಮ್ಮನಿರಲಾದೀತೇ?

"ಕಡಲು ಘಟ್ಟದ ಆಚೆ ಅದ. ಇಲ್ಲಿಗ್ಯಾಕ ಬರ್ತದ ಕಾಕಾ? ಹೊಳಿ ಹಕ್ಕಿ ರೀವ ಇರಬೇಕು. ಅದೂ ಬೆಳ್ಳಗ, ಅದೂ ನೀರಿನ ಮ್ಯಾಲೇ ಹಾರ್ತದ. ರೀವಕ್ಕ ಕವಲು ಬಾಲ. ನೀವು ಕಂಡದ್ದರ ಬಾಲ ಕವಲಿತ್ತೋ ಇಲ್ಲೋ?"

"ಬಾಲ ನೋಡಲಿಲ್ಲವಾ. ಬಾತುಕೋಳಿ ಹಂಗ ನೀರಾಗ ಕುಂತಿತ್ತು."

"ಮತ್ಯಾರು ನೋಡ್ಯಾರ?"

"ಯಾರೂ ಇಲ್ಲ. ಒಂದು ಎಮ್ಮಿ ಇತ್ತು."

"ಹಂಗಾರ ಎಮ್ಮೀನ ಕರಸ್ರಿ, ಹೇಳಿಕಿ ತಗೊಳ್ಳೋಣು!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಕಾಕಾನೂ ನಕ್ಕರು. ಒಳಗೆ ಹೋಗಿ, ತಮ್ಮ ಹಕ್ಕಿಗಳ ವಹಿಯಲ್ಲಿ 'ಕಡಲಕ್ಕಿ' ಎಂಬುದನ್ನು ಹೊಡೆದುಹಾಕಿ 'ರೀವ' ಎಂದು ಬರೆದರು. ಎಂಥ ಜಯ ನನ್ನದು!

ಆಮೇಲೆ ಅವರಿಗೊಂದು ಹೊಸ ರೋಗ ಅಂಟಿತು. ಅಂಗಳದ ಬೇವಿನ ಗಿಡದ ಮೇಲೆ ಕೂತದ್ದನ್ನು ನೋಡಿ, "ಇದು ಕಾಗಿ ಅಂತ ಬರೀಲೇನವಾ?" ಎಂದು ನನ್ನನ್ನೇ ಕೇಳುವರು. ಕಾಗೆಗೂ ನನ್ನ ಮಂಜೂರಾತಿ! ನಾನು ನಗುತ್ತಿದ್ದೆ. ಹೋಳಿಯ ಹೊತ್ತಿಗೆ ದುರ್ಬೀನು ಗೂಟಕ್ಕೇರಿತು. ಕಾಕು ಮಾತ್ರ ನಗಲಿಲ್ಲ. "ಬೈದು ಕಳಿಸಿದ್ರೂ ಕೆರೀಗೆ ಹೋಗವಲ್ರು. ಏನ ಮಾಡಿದಿ ನೀ ಅವರಿಗೆ?"

ಮತ್ತೆ ಚಳಿಗಾಲ ಬಂತು. ಮೊನ್ನೆ ಗೂಟದ ದುರ್ಬೀನು ತೆಗೆದುಕೊಂಡು ನಾನೇ ಕೆರೆಗೆ ಹೋದೆ. ನೀರಿನ ಮೇಲೆ ಬೆಳ್ಳಗಿನದೊಂದು ಕುಳಿತಿತ್ತು. ದಪ್ಪ ಕೆಂಪು ಕೊಕ್ಕು, ತುದಿ ಕಪ್ಪು. ಕಣ್ಣಿನ ಹಿಂದೆ ಕಾಡಿಗೆಯ ಬೊಟ್ಟು. ಎದ್ದು ಒಂದು ಸುತ್ತು ಹಾಕಿದಾಗ ಕಪ್ಪು ರೆಕ್ಕೆತುದಿಯಲ್ಲಿ ಬಿಳಿ ಚುಕ್ಕೆ ಹೊಳೆಯಿತು. ಬಾಲದಲ್ಲಿ ಕವಲೇ ಇಲ್ಲ! ಕಂದುತಲೆಯ ಕಡಲಕ್ಕಿ, ಚಳಿಗಾಲದಲ್ಲಿ ತಲೆಯ ಕಂದು ಅಳಿಸಿಹೋಗಿರುತ್ತದೆ, ಅಷ್ಟೇ. ಒಳನಾಡಿನ ಕೆರೆಗಳಿಗೂ ಬರುತ್ತದೆ ಎಂದು ಕಾಕಾನ ಪುಸ್ತಕದಲ್ಲೇ ಇತ್ತು. ವಾದಕ್ಕೆ ನಿಲ್ಲುವ ಮೊದಲು ನಾನದನ್ನು ತೆರೆದಿರಲಿಲ್ಲ.

ಓಡಿಹೋಗಿ ಕಾಕಾನನ್ನು ಕೈಹಿಡಿದು ಕರೆತಂದೆ. ಹಕ್ಕಿ ಇನ್ನೂ ತೇಲುತ್ತಿತ್ತು.

"ಹೋದ ವರ್ಷ ನೀವು ಕಂಡದ್ದು ಇದ ಹೌದಲ್ರಿ ಕಾಕಾ? ತಪ್ಪು ನಂದು."

ಕಾಕಾ ನನ್ನ ಕೈಯಿಂದ ದುರ್ಬೀನು ತೆಗೆದುಕೊಂಡು ನೋಡಿದರು. ಆಮೇಲೆ ದುರ್ಬೀನನ್ನು ಮೆಲ್ಲಗೆ ನನ್ನ ಕೊರಳಿಗೆ ಹಾಕಿದರು.

"ನೀ ಅಂದಮ್ಯಾಲ ನಾ ಕಂಡದ್ದು ರೀವನ ಆಗಿಬಿಟ್ಟದವಾ. ಬ್ಯಾರೆ ಏನೂ ನೆನಪಿಗೆ ಬರವಲ್ದು. ಈಗ ನೀ ಇದ ಅಂದ್ರ ಇದ. ನಾ ನಂಬ್ತೇನಿ."