ಒಂಬತ್ತು ಸಾವಿರ ಪ್ರಗತಿ

ಅದು ಬಹಳ ಹಿಂದಿನ ಕಾಲ. ಎಷ್ಟು ಹಿಂದೆ ಎಂದರೆ, ಪ್ರಜೆಗಳ ಮನೆಯಲ್ಲಿ ಆಗ ಇನ್ನೂ ಕರೆಂಟ್ ಇತ್ತು. ವೇಗಾವತಿ ಎಂಬ ರಾಜ್ಯವನ್ನು ಪ್ರಚಂಡಸೇನ ಮಹಾರಾಜರು ಆಳುತ್ತಿದ್ದರು. ನೆರೆರಾಜ್ಯಕ್ಕೆ ಐದನೇ ತಲೆಮಾರಿನ ಮೊಬೈಲ್ ಜಾಲ ಬಂದಿದೆಯೆಂದು ಕೇಳಿ ಅವರಿಗೆ ಒಂದು ವಾರ ಊಟ ಸೇರಲಿಲ್ಲ. ಎಂಟನೇ ದಿನ ಒಂಬತ್ತನೇ ತಲೆಮಾರಿನ ಜಾಲಕ್ಕೆ ಆಜ್ಞೆ ಹೊರಡಿಸಿದರು. ನಡುವಿನ ತಲೆಮಾರುಗಳು ಏನಾದವೆಂದು ಯಾರೂ ಕೇಳಲಿಲ್ಲ.

ಮೊದಲ ಗೋಪುರ ಜೋಳದಪೇಟೆಯಲ್ಲಿ ಎದ್ದಿತು. ಅದರ ಸಾಮರ್ಥ್ಯ ಅಳೆದು ಬರಲು ಮಾಪನಾಧಿಕಾರಿ ಕಾತ್ಯಾಯಿನಿಗೆ ಅಪ್ಪಣೆಯಾಯಿತು. ಹದಿನಾರು ವರ್ಷಗಳ ಸೇವೆಯಲ್ಲಿ ಆಕೆ ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಹಾಗಾಗಿ ಬಡ್ತಿಯೂ ಸಿಕ್ಕಿರಲಿಲ್ಲ. ಆಕೆಯ ಚೀಲದಲ್ಲಿ ವೇಗ ಅಳೆಯುವ ಮೀಟರ್ ಒಂದು, ಕರೆಂಟ್ ಅಳೆಯುವ ಮೀಟರ್ ಇನ್ನೊಂದು.

"ಎರಡನೆಯದು ಏತಕ್ಕೆ?" ಎಂದರು ಸಂಪರ್ಕಮಂತ್ರಿ ವಾಚಸ್ಪತಿ.

"ಎಷ್ಟು ಓಡುತ್ತದೆ ಎನ್ನುವುದರ ಜೊತೆಗೆ ಎಷ್ಟು ತಿನ್ನುತ್ತದೆ ಎನ್ನುವುದೂ ತಿಳಿಯಬೇಕಲ್ಲವೇ, ಸ್ವಾಮಿ?"

ಆ ಆಸ್ಥಾನದಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಯಾರ ಬಗ್ಗೆಯೂ ಕೇಳಿದ್ದಿಲ್ಲ.

ಗೋಪುರದ ಪಕ್ಕದಲ್ಲೇ ಸಾವಂತ್ರೆವ್ವನ ಹಿಟ್ಟಿನ ಗಿರಣಿ ಇತ್ತು. ಗಿರಣಿ ನಿಂತಿತ್ತು. ಜೋಳದ ಡಬ್ಬಿಗಳ ಸಾಲು ಬೆಳೆದು ರಸ್ತೆ ದಾಟಿತ್ತು.

"ನಿಂತು ಎಷ್ಟು ದಿನ ಆಯ್ತಮ್ಮಾ?" ಎಂದು ಕೇಳಿದಳು ಕಾತ್ಯಾಯಿನಿ.

"ಗೋಪುರ ಎದ್ದಾಗಿಂದ್ರೀ ಅಕ್ಕಾರ. ಊರಿನ ಕರೆಂಟೆಲ್ಲಾ ಅದರಾಗ ಹೊಕ್ಕೈತಿ. ಹುಡುಗ್ರು ಚುರುಮುರಿ ತಿಂದು, ಪಾಟಿಚೀಲ ಹೊತ್ತು ಸಾಲಿಗೆ ಹೊಂಟಾವು."

"ಜಾಲ ಹೇಗಿದೆ?"

"ಭಾಳ ಜೋರ್ ಐತಂತ್ರಿ. ನೋಡೂಣಂದ್ರ ಮೊಬೈಲಿಗೆ ಚಾರ್ಜಿಲ್ಲ."

ಕಾತ್ಯಾಯಿನಿ ಮೂರು ದಿನ ಕೂತು ಅಳೆದಳು. ಒಬ್ಬರೂ ಬಳಸದಿದ್ದರೂ ಗೋಪುರ ಪೂರ್ತಿ ಬಲದಲ್ಲಿ ಕೆಲಸ ಮಾಡುತ್ತಿತ್ತು. ಖಾಲಿ ರಸ್ತೆಯ ಗಾಡಿಯಂತೆ ಅದರ ವೇಗವೂ ಅದ್ಭುತವಾಗಿತ್ತು. ಬಳಕೆ ಇಲ್ಲದ ಹೊತ್ತಿನಲ್ಲಿ ಅದನ್ನು ಮಲಗಿಸಿದರೆ ಅರ್ಧ ಕರೆಂಟ್ ಉಳಿಯುತ್ತದೆ, ಊರಿಗೆ ಅಷ್ಟು ಸಾಕು ಎಂದು ವರದಿ ಬರೆದಳು.

"ಹಂಗ ಮಾಡ್ತಾರೇನ್ರಿ?" ಎಂದಳು ಸಾವಂತ್ರೆವ್ವ.

"ಅಂಕಿ ಇಷ್ಟು ಸ್ಪಷ್ಟ ಇದೆ. ಮಾಡಲೇಬೇಕು," ಎಂದಳು ಕಾತ್ಯಾಯಿನಿ. ಆ ಮಾತನ್ನು ಆಕೆ ನಿಜವಾಗಿ ನಂಬಿದ್ದಳು.

ಆಸ್ಥಾನದಲ್ಲಿ ವರದಿ ಓದಿದ್ದಾಯಿತು. ಮಹಾರಾಜರ ಮುಖ ಅರಳಿತು.

"ಅಂದರೆ, ಪ್ರಜೆಗಳು ಬಳಸದಿದ್ದಾಗ ನಮ್ಮ ಜಾಲ ಭೂಮಂಡಲದಲ್ಲೇ ಅತಿವೇಗದ್ದು?"

"ಬಳಸದಿದ್ದಾಗ ಇರಬಹುದು, ಪ್ರಭು. ಆದರೆ..."

"'ಆದರೆ' ಎಂಬುದನ್ನು ಅನುಬಂಧಕ್ಕೆ ಹಾಕಿ," ಎಂದರು ವಾಚಸ್ಪತಿ.

"ಈ ಕರೆಂಟಿನ ಅಂಕಿ ಮಾತ್ರ ಕಿವಿಗೆ ಹಿತವಾಗಿಲ್ಲ," ಮಹಾರಾಜರು ಹುಬ್ಬು ಗಂಟಿಕ್ಕಿದರು. "ದಿನಕ್ಕೆ ಒಂಬತ್ತು ಸಾವಿರ ಯೂನಿಟ್!"

"ಅದು ಅಂಕಿಯ ದೋಷವಲ್ಲ, ಮಹಾಪ್ರಭು, ಪದದ ದೋಷ," ಎಂದರು ವಾಚಸ್ಪತಿ. " 'ಯೂನಿಟ್' ತೆಗೆದು 'ಪ್ರಗತಿ' ಎನ್ನೋಣ. ಜೋಳದಪೇಟೆ ದಿನವೊಂದಕ್ಕೆ ಒಂಬತ್ತು ಸಾವಿರ ಪ್ರಗತಿ ಸಾಧಿಸಿದೆ!"

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಪ್ರಭು, ಅಲ್ಲಿನ ಜನ ರೊಟ್ಟಿ ತಿಂದು ತಿಂಗಳಾಯಿತು!" ಎಂದಳು ಕಾತ್ಯಾಯಿನಿ. ಅದನ್ನೂ ಅನುಬಂಧಕ್ಕೆ ಸೇರಿಸಲಾಯಿತು. ವರದಿ ಹಿಂದಕ್ಕೆ ಕೊಡಿ ಎಂದು ಆಕೆ ಬೇಡಿದರೂ ಕೊಡಲಿಲ್ಲ. ಅಂಕಿ ತಿದ್ದಿದ್ದರೆ ತಕರಾರು ಎತ್ತಬಹುದಿತ್ತು. ಯಾರೂ ಒಂದು ಅಂಕಿಯನ್ನೂ ಮುಟ್ಟಿರಲಿಲ್ಲ.

ಅಂದೇ ರಾಜಾಜ್ಞೆ ಹೊರಟಿತು: ಜಾಲದ ವೇಗಕ್ಕೆ ಧಕ್ಕೆಯಾಗದಂತೆ ಪ್ರಜೆಗಳು ಅದನ್ನು ಬಳಸಕೂಡದು. ಮಹಾರಾಜರಿಗೆ ಅವರದೇ ಸಂಪರ್ಕ ಇಲಾಖೆ 'ವೇಗಚಕ್ರವರ್ತಿ' ಬಿರುದು ನೀಡಿ ಚಿನ್ನದ ಕಿರೀಟ ತೊಡಿಸಿತು. ಸಮಾರಂಭ ದಾಖಲೆಯ ವೇಗದಲ್ಲಿ ನೇರಪ್ರಸಾರವಾಯಿತು. ಅದನ್ನು ನೋಡಲು ಯಾರಿಗೂ ಅನುಮತಿ ಇರಲಿಲ್ಲ.

ಕಾತ್ಯಾಯಿನಿ ಬಸ್ಸು ಹಿಡಿದು ಜೋಳದಪೇಟೆಗೆ ಹೋದಳು.

"ಏನಾತ್ರಿ ಅಕ್ಕಾರ?"

"ಪ್ರಗತಿಯಲ್ಲಿ ನಿಮ್ಮ ಪೇಟೆಗೇ ಮೊದಲ ಬಹುಮಾನ, ಸಾವಂತ್ರೆವ್ವಾ," ಎಂದಳು, ತಲೆ ಎತ್ತದೆ.

"ಹೌದ್ರಿ? ಏನ್ ಕೊಟ್ರು?"

"ಇನ್ನೊಂದು ಗೋಪುರ."

ಅದಕ್ಕೆ ಜಾಗ ಗುರುತಿಸಲು ಬಂದ ರಾಜನೌಕರರು, ಗಿರಣಿ ಹೇಗೂ ನಿಂತಿದೆಯಲ್ಲ ಎಂದು, ಅದರ ಬಾಗಿಲಿಗೇ ಸುಣ್ಣದ ಗುರುತು ಹಾಕಿದರು.