ಹೊಳೆಗೆ ಇಳಿಯದ ಬೇಸಿಗೆ ರಜೆ

ಎಂಟನೇ ಕ್ಲಾಸು ಶುರುವಾಗಬೇಕಿದ್ದ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟು ಹೋದೆ, ಹಿತ್ತಿಲ ಬಾಗಿಲಿಂದ. ಆ ಲೆಕ್ಕದಲ್ಲಿ ನನ್ನ ಬೇಸಿಗೆ ರಜೆ ಇನ್ನೂ ಮುಗಿದೇ ಇಲ್ಲ. ಇಂಥವನನ್ನು ಮಕ್ಕಳನ್ನು ಮನೆಯಲ್ಲಿ ಕೂರಿಸುವ ಕೆಲಸಕ್ಕೆ ಹಾಕಿದರೆ ಏನಾಗಬೇಕೋ ಅದೇ ಆಯಿತು.

ನಂಜನಗೂಡಿನಲ್ಲಿ ಲಾರಿಗಳಿಗೆ ಬಾಳೆಗೊನೆ ತುಂಬಿಕೊಂಡಿದ್ದ ನನ್ನನ್ನು ಅಕ್ಕ ತಿ. ನರಸೀಪುರಕ್ಕೆ ಕರೆಸಿಕೊಂಡಳು. ತೊಂಬತ್ತರ ದಶಕದ ಕೊನೆ. ಟಿವಿ ಇತ್ತು, ಹಗಲು ಕರೆಂಟಿರಲಿಲ್ಲ. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಮದುವೆ ಸೀಸನ್ನು, ತಲೆ ಎತ್ತಲು ಪುರುಸೊತ್ತಿಲ್ಲ. ಭಾವ ಬಸ್ ಕಂಡಕ್ಟರು. ಮಕ್ಕಳು ಮೂರು: ದೊಡ್ಡವಳು, ನಡುವಿನವನು, ಚಿಕ್ಕವನು. ಹೊಳೆ ಕೂಗಳತೆ ದೂರ. ಹಿಂದಿನ ಬೇಸಿಗೆಯಲ್ಲಿ ನಡುವಿನವನು ಸುಳಿಗೆ ಸಿಕ್ಕಿ, ತೆಪ್ಪದವರೊಬ್ಬರು ಕೂದಲು ಹಿಡಿದು ಎಳೆದು ಹಾಕಿದ್ದರು. ಅಲ್ಲಿಂದಾಚೆಗೆ ಅಕ್ಕನಿಗೆ ಹೊಳೆ ಹೆಸರೆತ್ತಿದರೇ ಆಗುತ್ತಿರಲಿಲ್ಲ.

“ಸ್ಕೂಲು ತೆಗೆಯೋವರೆಗೂ ಒಬ್ರೂ ಹೊಳೆಗೆ ಇಳೀಬಾರದು ಕಣೋ. ಇಳಿದೋರಿಗೆ ಅವತ್ತು ಈ ಮನೇಲಿ ಊಟ ಇಲ್ಲ,” ಅಂದಳು.

ದಿನಾ ಸಂಜೆ ಮೂವರ ಮುಂಗೈಯನ್ನೂ ಉಗುರಲ್ಲಿ ಗೀರಿ ನೋಡುವಳು. ಹೊಳೆಯಲ್ಲಿ ಈಜಿ ಒಣಗಿದ ಚರ್ಮದ ಮೇಲೆ ಬಿಳಿ ಗೆರೆ ಮೂಡುತ್ತದೆ. ಆ ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ದಾರಿಯೇ ಇರಲಿಲ್ಲ.

ಕಾಗೆ ಕಾವಲು

ಮೊದಲ ವಾರ ತಾರಸಿ ಮೇಲೆ ಸಂಡಿಗೆ ಕಾಯುವ ಕೆಲಸ ಹಚ್ಚಿದೆ. ಹಳೇ ಕೊಡೆ ಕೆಳಗೆ ಮೂವರೂ ಕೋಲು ಹಿಡಿದು ಕೂತರು. ಗಲಾಟೆಯಿಲ್ಲ, ಜಗಳವಿಲ್ಲ. ಸಂಜೆ ಅಕ್ಕ ಹತ್ತಿ ಬಂದು ನೋಡಿದರೆ ಪಂಚೆಯ ಅಂಚಲ್ಲಿ ಸಂಡಿಗೆ, ಮಧ್ಯವೆಲ್ಲ ಬಯಲು.

“ಇಷ್ಟು ತಿನ್ನೋಕೆ ಎಷ್ಟು ಕಾಗೆ ಬಂದಿದ್ವೋ?”

ಚಿಕ್ಕವನು ಮೂರು ಬೆರಳು ತೋರಿಸಿದ. ಆಮೇಲೆ ನನ್ನ ಮುಖ ನೋಡಿ ನಾಲ್ಕನೆಯದನ್ನೂ ಎತ್ತಿದ.

ನಡುಮನೆಯಲ್ಲಿ ಬಸ್ಸು

ಕುರ್ಚಿ, ಸ್ಟೂಲು, ಅಕ್ಕಿ ಮೂಟೆ ಸಾಲಾಗಿಟ್ಟು ಬಸ್ಸು ಮಾಡಿದೆವು. ಭಾವನ ಹಳೇ ಸೀಟಿ ದೊಡ್ಡವಳ ಕೊರಳಿಗೆ. ಡ್ಯೂಟಿ ಮುಗಿಸಿ ಸುಸ್ತಾಗಿ ಬಂದ ಭಾವ ಹೊಸಿಲ ಮೇಲೆ ಕಾಲಿಟ್ಟರು.

“ಹತ್ತೋರು ಹಿಂದಿನ ಡೋರು! ಮುಂದೆ ಬರೀ ಇಳಿಯೋರು!”

“ಲೇ, ನಾನು ಕಣವ್ವ, ನಿಮ್ಮಪ್ಪ.”

“ಯಾರಾದ್ರೂ ಒಂದೇ ರೂಲು ಸಾ.”

ಪಾಪ, ಮನೆ ಸುತ್ತಿ ಹಿತ್ತಿಲಿಂದ ಹತ್ತಿ, ಮೂಟೆ ಮೇಲೆ ಕೂತವರು ಹಾಗೇ ನಿದ್ದೆ ಹೋದರು. ಅಕ್ಕ ಕಾಫಿ ಹಿಡಿದು ಬರುವುದಕ್ಕೂ ದೊಡ್ಡವಳು ಸೀಟಿ ಊದುವುದಕ್ಕೂ ಸರಿಹೋಯಿತು. ಭಾವ ಕಣ್ಣು ಬಿಡದೆಯೇ ಗದರಿದರು: “ಒಳಗೆ ಹೋಗಮ್ಮ, ಒಳಗೆ! ಬಾಗಿಲಲ್ಲಿ ನಿಲ್ಬೇಡ!”

ಅಕ್ಕ ಕಾಫಿ ಸಮೇತ ಒಳಗೆ ಹೋದಳು.

ಬೆಂಚಿನ ಮೇಲೆ ಈಜು

ಮೇ ತಿಂಗಳ ಸೆಕೆಗೆ ಮೂವರೂ ಹೊಳೆ ಹೊಳೆ ಎಂದು ರಾಗ ತೆಗೆದರು. ಅಕ್ಕ ಹೊಳೆಗಿಳಿಯಬಾರದು ಅಂದಿದ್ದಳೇ ಹೊರತು ಈಜಬಾರದು ಅಂದಿರಲಿಲ್ಲವಲ್ಲ. ಜಗುಲಿಯ ಬೆಂಚಿನ ಮೇಲೆ ಬೋರಲು ಮಲಗಿಸಿ ಕೈಕಾಲು ಬಡಿಯಲು ಕಲಿಸಿದೆ.

ಅದೇ ಹೊತ್ತಿಗೆ ಮೊಮ್ಮಗಳ ಮದುವೆ ರವಿಕೆ ಕೇಳಿಕೊಂಡು ಮೂಗೂರಿನ ಅಜ್ಜಿಯೊಬ್ಬರು ಬಂದರು. ಸಾಲಾಗಿ ಒದ್ದಾಡುತ್ತಿದ್ದ ಮೂವರನ್ನೂ ಕಂಡು, “ಅಯ್ಯೋ, ಐಕ್ಳಿಗೆ ಫಿಟ್ಸು ಬಂದೋಯ್ತಲ್ಲವ್ವೋ! ಕಬ್ಬಿಣ ಕೊಡ್ರೋ ಕೈಗೆ!” ಎಂದು ಕೂಗಿ, ಸೊಂಟದ ಬೀಗದ ಕೈ ಗೊಂಚಲನ್ನೇ ತೆಗೆದು ನಡುವಿನವನ ಮುಷ್ಟಿಗೆ ತುರುಕಿದರು.

ಅವನು ಕಾಲು ಬಡಿಯುವುದನ್ನು ನಿಲ್ಲಿಸಲಿಲ್ಲ. “ಅಜ್ಜಿ, ನಾನು ಹೊಳೆ ಮಧ್ಯ ಇದೀನಿ, ಬಿದ್ದೋಗುತ್ತೆ. ದಡದಲ್ಲಿಡಿ.”

ಕೊನೇ ಪರೀಕ್ಷೆ

ಸ್ಕೂಲು ತೆಗೆಯಲು ಒಂದೇ ದಿನ ಬಾಕಿ. ಮಕ್ಕಳು ಹುಣಿಸೆ ಬೀಜ ಹಾಕಿ ಚೌಕಾಬಾರ ಆಡುತ್ತಿದ್ದರು. ಐವತ್ತು ದಿನ, ಒಂದು ಕೈಯ ಮೇಲೂ ಗೆರೆಯಿಲ್ಲ! ಗೆದ್ದೆ ಅನ್ನಿಸಿತು. ಗೆದ್ದವನಿಗೆ ಕಾಲು ನಿಲ್ಲುತ್ತದೆಯೇ? ಬೀಡಿ ತರುತ್ತೇನೆಂದು ಹೊರಟೆ, ಒಂದು ಗಂಟೆ ಬಿಟ್ಟು ಬಂದೆ.

“ಮಾವ, ತಲೆ ಯಾಕೆ ಒದ್ದೆ?” ದೊಡ್ಡವಳು ಕೇಳಿದಳು.

“ಬೆವರು ಕಣವ್ವ.”

ಚಿಕ್ಕವನು ಬಂದು ನನ್ನ ಮುಂಗೈ ಹಿಡಿದು ಉಗುರಲ್ಲಿ ಸರ್ರನೆ ಗೀರಿದ. “ಅಮ್ಮಾ! ಮಾವ ಫೇಲು!”

ಅಕ್ಕ ಬಂದಳು, ಕೈಯಲ್ಲಿ ಕತ್ತರಿ. ಗೆರೆ ನೋಡಿದಳು. ರಾತ್ರಿ ನಾಲ್ಕು ತಟ್ಟೆ ಹಾಕಿ ನನ್ನದನ್ನು ಮಾತ್ರ ಬೋರಲಿಟ್ಟಳು. ಮಕ್ಕಳು ಒಂದೊಂದೇ ತುತ್ತನ್ನು ನನಗೆ ತೋರಿಸಿ ತೋರಿಸಿ ನುಂಗಿದರು.

ಸೋಮವಾರ ಬೆಳಿಗ್ಗೆ ಅವರು ಸ್ಕೂಲ್ ಬ್ಯಾಗು ತುಂಬುತ್ತಿದ್ದರೆ ನಾನು ನನ್ನ ಚೀಲ ತುಂಬಿದೆ. ಹಳೇ ಅಭ್ಯಾಸ, ಹಿತ್ತಿಲ ಕಡೆ ಜಾರಿದೆ. ದೊಡ್ಡವಳ ಸೀಟಿ ಕೂಗಿತು.

“ಇಳಿಯೋರು ಮುಂದಿನ ಡೋರು ಮಾವ!”

ಮುಂದಿನ ಬಾಗಿಲಲ್ಲಿ ಅಕ್ಕ, ಸಂಡಿಗೆ ಪೊಟ್ಟಣ ಹಿಡಿದು. ಕಣ್ಣು ತುಂಬಿತ್ತು. “ಐವತ್ತು ದಿನ ಕಾಪಾಡಿಕೊಟ್ಟೆ ಕಣೋ,” ಎಂದು ನನ್ನ ಕೈ ಹಿಡಿದುಕೊಂಡಳು. ಹಿಡಿದವಳು ಸುಮ್ಮನಿರದೆ ಅಭ್ಯಾಸಬಲದಿಂದ ಉಗುರಲ್ಲಿ ಗೀರಿದಳು.

“ಲೇ! ಇವತ್ತೂ ಹೋಗಿದ್ಯಾ?”

ಪೊಟ್ಟಣ ಕಿತ್ತುಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದೆ.